ಪ್ರದರ್ಶನವಿಲ್ಲದ ದಿನ ಲಾಲ್‌ಬಾಗ್‌ಗೆ ಬನ್ನಿ



ಜನವರಿ, ಆಗಸ್ಟ್ ಬಂತೆಂದರೆ ಫಲಪುಷ್ಪ ಪ್ರದರ್ಶನಕ್ಕೆ ಬೆಂಗಳೂರಿಗೆ ಬೆಂಗಳೂರೇ ಲಾಲ್‌ಬಾಗ್‌ನತ್ತ ಹೊರಡುತ್ತದೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಉದ್ದದ ಸಾಲಿನಲ್ಲಿ ನಿಂತು, ಗಾಜಿನ ಮನೆಯೊಳಗಿನ ಹೂವಿನ ಅಲಂಕಾರ ನೋಡಿ ಬರುತ್ತೇವೆ. ಆ ಸಂಭ್ರಮ ಇರಲಿ. ಆದರೆ ಆ ಹೂಗಳು ಕೆಲವು ದಿನಗಳ ಅತಿಥಿಗಳು. ಲಾಲ್‌ಬಾಗ್ ಎಂದರೆ ಮುಖ್ಯವಾಗಿ ಅಲ್ಲಿನ ಮರಗಳು. ನೂಕುನುಗ್ಗಲಿನಲ್ಲಿ ಅವು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಪ್ರದರ್ಶನ ಇಲ್ಲದ ಒಂದು ಮಾಮೂಲಿ ದಿನ, ಬೆಳಗ್ಗೆ ಬೇಗ, ಮರಗಳನ್ನು ನೋಡುವುದಕ್ಕೆಂದೇ ಬನ್ನಿ ಎಂದು ಕೇಳಿಕೊಳ್ಳುತ್ತೇನೆ.

1760ರಲ್ಲಿ ಹೈದರ್ ಅಲಿ ಸುಮಾರು 40 ಎಕರೆಯಲ್ಲಿ ಹಾಕಿಸಿದ ತೋಟ ಇದು. ಮಗ ಟಿಪ್ಪು ದೂರದ ದೇಶಗಳಿಂದ ಬೀಜ, ಸಸಿ ತರಿಸಿ ಬೆಳೆಸಿದ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಇವತ್ತು 240 ಎಕರೆ ಇದೆ. ಅರಸರ ತೋಟ ಎಂದು ನಾವು ಹೆಮ್ಮೆಪಡುತ್ತೇವಾದರೂ ಅದನ್ನು ಇಲ್ಲಿಯವರೆಗೆ ತಂದವರು ತೋಟಗಾರರು. ನಾವು ಹುಳಿಗೆ ಹಾಕುವ ಸೀಮೆಬದನೆಯನ್ನು ಈ ಊರಿನಲ್ಲಿ ಬೆಳೆಸಿ ಪರಿಚಯಿಸಿದವರು ಇಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಜಾನ್ ಕ್ಯಾಮರಾನ್. ಅವರ ಕಾಲದಲ್ಲೇ, 1889ರಲ್ಲಿ, ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಅವರ ನಂತರ ಬಂದ ಜರ್ಮನಿಯ ಕ್ರುಂಬಿಗಲ್, ಒಂದು ಜಾತಿಯ ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆಯ್ದರು. ಮುಂದೆ ತೋಟದ ಹೊಣೆ ಹೊತ್ತ ಜವರಾಯ, ಮರೀಗೌಡರಂಥವರು ಅದೇ ಶ್ರದ್ಧೆಯಿಂದ ದುಡಿದರು. ಇಷ್ಟು ಜನ ಬೆವರು ಸುರಿಸಿ ಬೆಳೆಸಿದ ತೋಟ ನಮ್ಮ ಕೈಗೆ ಬಂದಿದೆ.

ನಾವು ಅದಕ್ಕೆ ಏನು ಮಾಡುತ್ತಿದ್ದೇವೆ? ದೊಡ್ಡ ಬಿಳಿ ಬೂರುಗದ ಮರದ ಹತ್ತಿರ ಹೋಗಿ ನೋಡಿ. ಗೋಡೆಗಳ ಹಾಗೆ ಎದ್ದು ನಿಂತ ಅದರ ಬೇರುಗಳ ಮರೆಯಲ್ಲಿ ಆಳು ಅಡಗಿ ಕೂರಬಹುದು. ಅಂಥ ಮರಗಳ ಮೈಮೇಲೂ ಕೀಲಿಕೈಯಿಂದ ಕೆತ್ತಿದ ಹೆಸರುಗಳು, ಹೃದಯದ ಗುರುತುಗಳು. ಮರ ಎತ್ತರ ಬೆಳೆಯುವುದು ತುದಿಯಲ್ಲಿ. ಬುಡದ ಹತ್ತಿರ ಕೆತ್ತಿದ ಅಕ್ಷರ ಮೇಲೇರುವುದಿಲ್ಲ, ಅಲ್ಲೇ ಅಗಲವಾಗುತ್ತ ಹೋಗುತ್ತದೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಕೀಲಿಕೈ ಕತ್ತರಿಸುವುದು ಆ ಪದರವನ್ನೇ. ಗಾಯದಿಂದ ಅಣಬೆರೋಗ, ಹುಳು ಒಳನುಗ್ಗುತ್ತವೆ. ಒಳಗಿನಿಂದ ಟೊಳ್ಳಾದ ಮರ ಒಂದು ಗಾಳಿಮಳೆಗೆ ಉರುಳುತ್ತದೆ. ಬಿದಿರಿನ ಗತಿ ಇನ್ನೂ ಕಷ್ಟ. ಅದರ ಕಾಂಡ ದಪ್ಪವಾಗಿ ಗಾಯವನ್ನು ಮುಚ್ಚಿಕೊಳ್ಳುವಂಥದ್ದಲ್ಲ, ಒಣಗುವವರೆಗೂ ಆ ಹೆಸರನ್ನು ಹೊತ್ತೇ ನಿಂತಿರುತ್ತದೆ.

ಕಾಲಡಿಯ ವಿಷಯವೂ ಇದೆ. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಫೋಟೊಗೆಂದು ಎಲ್ಲರೂ ಬುಡಕ್ಕೇ ಹೋಗಿ ನಿಂತರೆ ಮಣ್ಣು ಗಟ್ಟಿಯಾಗಿ ಮಳೆನೀರು ಇಂಗುವುದಿಲ್ಲ, ಬೇರಿಗೆ ಗಾಳಿಯಾಡುವುದಿಲ್ಲ. ಹತ್ತು ಹೆಜ್ಜೆ ಹಿಂದೆ, ದಾರಿಯಲ್ಲೇ ನಿಂತು ತೆಗೆಯಿರಿ. ಇಡೀ ಮರವೂ ಫೋಟೊದಲ್ಲಿ ಬರುತ್ತದೆ.

ತೋಟದೊಳಗೆ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೂ ಇದೇ ಕಾಳಜಿ ಬೇಕು. ಅದು ಸುಮಾರು 300 ಕೋಟಿ ವರ್ಷ ಹಳೆಯ ಶಿಲೆ; ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಭೂಮಿಯ ಮೇಲೆ ಮರಗಳೇ ಇಲ್ಲದಿದ್ದ ಕಾಲದ ಆ ಕಲ್ಲಿನ ಮೇಲೆ ಕುಳಿತು ಚಿಪ್ಸ್ ತಿಂದು ಪೊಟ್ಟಣವನ್ನು ಅಲ್ಲೇ ಬಿಟ್ಟು ಬರಲು ನಮಗೆ ಮನಸ್ಸಾದರೂ ಹೇಗೆ ಬರುತ್ತದೆ? ಲಾಲ್‌ಬಾಗ್ ಕೆರೆಯ ಮೀನಿಗೆ ಬ್ರೆಡ್ ಹಾಕುವವರು ಪ್ರೀತಿಯಿಂದಲೇ ಹಾಕುತ್ತಾರೆ, ಗೊತ್ತು. ಆದರೆ ತಿನ್ನದೆ ಉಳಿದ ಬ್ರೆಡ್ ನೀರಿನಲ್ಲಿ ಕೊಳೆಯುತ್ತದೆ. ದಯವಿಟ್ಟು ಬೇಡ.

ಮೇಷ್ಟ್ರುಗಳಲ್ಲಿ, ಪೋಷಕರಲ್ಲಿ ಒಂದು ವಿಶೇಷ ಕೋರಿಕೆ. ಮಕ್ಕಳನ್ನು ಕರೆತಂದಾಗ ಇಡೀ ತೋಟ ಸುತ್ತಿಸಿ ದಣಿಸಬೇಡಿ. ಐದು ಮರ ಸಾಕು. ಬುಡದ ಫಲಕದಲ್ಲಿರುವ ಹೆಸರು ಓದಿಸಿ, ಬಿದ್ದ ಎಲೆ ಹೆಕ್ಕಿಸಿ, ಅದು ಯಾವ ದೇಶದ ಮರ ಎಂದು ಹುಡುಕಿಸಿ. ಒಮ್ಮೆ ಹೆಸರು ಹಿಡಿದು ಗುರುತಿಸಿದ ಮರದ ಮೈಗೆ ಆ ಮಗು ಮುಂದೆ ಕೀಲಿಕೈ ತಾಗಿಸುವುದಿಲ್ಲ ಎಂಬುದು ನನ್ನ ನಂಬಿಕೆ.

ಬರುವಾಗ ಕಾರು ಬೇಡ. ಹಸಿರು ಮಾರ್ಗದ ಮೆಟ್ರೊ ಪಶ್ಚಿಮ ಗೇಟಿನ ಹತ್ತಿರವೇ ಇಳಿಸುತ್ತದೆ. ನೀರಿನ ಬಾಟಲಿ ಮನೆಯಿಂದ ತನ್ನಿ, ಕಸವಿದ್ದರೆ ಚೀಲದಲ್ಲೇ ವಾಪಸು ಒಯ್ಯಿರಿ. ಯಾರಾದರೂ ಮರ ಕೆತ್ತುತ್ತಿರುವುದು ಕಂಡರೆ ಸುಮ್ಮನೆ ಹಾದುಹೋಗಬೇಡಿ. ಜಗಳ ಬೇಡ, ಬೈಗುಳ ಬೇಡ. ಹತ್ತಿರ ಹೋಗಿ, “ಬೇಡಪ್ಪ, ಅದಕ್ಕೆ ನೋವಾಗುತ್ತೆ, ಬಿಟ್ಟುಬಿಡು” ಎಂದು ಹೇಳಿ.