ಹತ್ತು ನಿಮಿಷದ ಕೆಲಸಕ್ಕೆ ಆರುನೂರಾ?

2024ರ ಮಾರ್ಚ್. ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಒಂದೊಂದಾಗಿ ಕೈಕೊಡ್ತಿದ್ದ ಕಾಲ. ನಮ್ಮ ಮನೆಯಲ್ಲಿ ರಾತ್ರಿ ತುಂಬಿಸಿದ ಟ್ಯಾಂಕು ಬೆಳಗ್ಗೆ ಹೊತ್ತಿಗೆ ಅರ್ಧ ಆಗಿರ್ತಿತ್ತು. ಸೋರೋದು ಎಲ್ಲೂ ಕಾಣ್ತಿರಲಿಲ್ಲ. ಪ್ಲಂಬರ್ ಅಣ್ಣನಿಗೆ ಫೋನ್ ಮಾಡಿದೆ. ಬಂದವರು ಒಂದೊಂದೇ ವಾಲ್ವ್ ಮುಚ್ಚಿ ನೋಡಿದ್ರು, ಗೋಡೆಗೆ ಕಿವಿ ಇಟ್ಟು ಕೇಳಿದ್ರು. ಮುಕ್ಕಾಲು ಗಂಟೆ ಆದ ಮೇಲೆ, "ಸಾರ್, ಬಟ್ಟೆಗೆ ಹಾಕೋ ನೀಲಿ ಇದ್ಯಾ?" ಅಂದ್ರು. ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಹಾಕಿ ಕಾದರು. ಫ್ಲಶ್ ಮಾಡದಿದ್ರೂ ಕಮೋಡಿನೊಳಗೆ ನೀಲಿ ಇಳೀತು. ಒಳಗಿನ ವಾಷರ್ ಸವೆದಿತ್ತು. ಬದಲಾಯಿಸೋಕೆ ಹತ್ತು ನಿಮಿಷ ಸಾಕಾಯ್ತು.

"ವಾಷರ್ ಸೇರಿ ಆರುನೂರು ಕೊಡಿ ಸಾರ್."

"ಹತ್ತು ನಿಮಿಷದ ಕೆಲಸಕ್ಕೆ ಆರುನೂರಾ?" ಅಂದೆ. ಅವರು ವಾದ ಮಾಡಲಿಲ್ಲ. ನಾನೂರು ತಗೊಂಡು ಹೋದರು.

ಅದೇ ತಿಂಗಳು ಜಿಲ್ಲಾಡಳಿತ ಖಾಸಗಿ ಟ್ಯಾಂಕರ್‌ಗಳಿಗೆ ದರ ನಿಗದಿ ಮಾಡಿತು: 5 ಕಿ.ಮೀ. ಒಳಗೆ 6,000 ಲೀಟರ್‌ಗೆ 600 ರೂಪಾಯಿ. ಎಷ್ಟೋ ಟ್ಯಾಂಕರ್ ನೀರು ಉಳಿಸಿಕೊಟ್ಟ ಮನುಷ್ಯ ಕೇಳಿದ್ದು ಒಂದೇ ಟ್ಯಾಂಕರಿನ ದುಡ್ಡು. ಅದರಲ್ಲೂ ನಾನು ಇನ್ನೂರು ಕಿತ್ಕೊಂಡಿದ್ದೆ.

ಇನ್ನು ನನ್ನ ಕೆಲಸ? ಸಾಫ್ಟ್‌ವೇರ್. ಎರಡು ದಿನ ಬಗ್ ಹುಡುಕಿ, ಕೊನೆಗೆ ಒಂದು ಸಾಲು ಬದಲಾಯಿಸ್ತೀನಿ. "ಒಂದು ಸಾಲಿಗೆ ಎರಡು ದಿನದ ಸಂಬಳ ಯಾಕೆ?" ಅಂತ ಮ್ಯಾನೇಜರ್ ಕೇಳಿದ್ರೆ ಅವತ್ತು ಸಂಜೆಯೇ ರೆಸ್ಯೂಮೆ ತೆಗೀತಿದ್ದೆ.

ನಮ್ಮ ಗೆಳೆಯರ ಗುಂಪಿನಲ್ಲಿ ಒಂದು ಮಾತು ಮಾಮೂಲು: "ಒಳ್ಳೇ ಪ್ಲಂಬರ್ ಸಿಗಲ್ಲ ಗುರೂ. ಸಿಕ್ಕಿದ್ರೂ ಹೇಳಿದ ಟೈಮಿಗೆ ಬರಲ್ಲ. ಅದಕ್ಕೇ ಇವರು ಯಾರೂ ಮೇಲೆ ಬರಲ್ಲ." ದೂರಿನ ಮೊದಲ ಭಾಗ ಒಪ್ಪೋಣ. ಬರ್ತೀನಿ ಅಂದು ಬಾರದೆ ನನ್ನ ಎಷ್ಟೋ ಶನಿವಾರ ಹಾಳಾಗಿವೆ. ಕೊನೇ ಮಾತು ಮಾತ್ರ ಸುಳ್ಳು. ಅವರು ಮೇಲೆ ಬರದಿರೋದಕ್ಕೆ ದೊಡ್ಡ ಕಾರಣ ನಾವು, ಅಂದ್ರೆ ಗಿರಾಕಿಗಳು.

ಹೇಳಿದ ಟೈಮಿಗೆ ಬರಬೇಕು ಅಂದ್ರೆ ಏನೇನು ಬೇಕು ಅಂತ ಲೆಕ್ಕ ಹಾಕಿ. ಅಣ್ಣ ಕೆಲಸದಲ್ಲಿದ್ದಾಗ ಫೋನ್ ಎತ್ತೋಕೆ ಒಬ್ಬರು. ಒಂದು ಮನೆಯಲ್ಲಿ ತಡ ಆದ್ರೆ ಇನ್ನೊಂದು ಮನೆಗೆ ಕಳಿಸೋಕೆ ಕೆಲಸ ಕಲಿತ ಹುಡುಗ. ಪ್ರತಿ ಸಲ ಅಂಗಡಿಗೆ ಓಡದಂತೆ ಗಾಡಿಯಲ್ಲಿ ಬಿಡಿಭಾಗ. ಇದೇ ತಾನೇ ಬಿಸಿನೆಸ್ ಅಂದ್ರೆ? ಇದಕ್ಕೆಲ್ಲ ದುಡ್ಡು ಬರಬೇಕಾದ್ದು ನಾನು ಚೌಕಾಸಿ ಮಾಡಿ ಉಳಿಸಿದ ಆ ಇನ್ನೂರರಿಂದ. ಕಲಿತ ಹುಡುಗನಿಗೆ ಸಂಬಳ ಹೊಂದಿಸೋಕೆ ಆಗದಿದ್ರೆ ಅವನು ಡೆಲಿವರಿ ಬ್ಯಾಗ್ ಹೊತ್ಕೊಂಡು ಹೋಗ್ತಾನೆ. ಅಣ್ಣ ಮತ್ತೆ ಒಂಟಿ, ನಮ್ಮ ಶನಿವಾರ ಮತ್ತೆ ಹಾಳು.

ತಮಾಷೆ ನೋಡಿ, ಆ್ಯಪ್‌ನಲ್ಲಿ ಬುಕ್ ಮಾಡಿದಾಗ ನಾವು ಯಾರೂ ಚೌಕಾಸಿ ಮಾಡಲ್ಲ. ಬಂದು ನೋಡೋದಕ್ಕೇ ಶುಲ್ಕ ಅಂದ್ರೂ ಸುಮ್ಮನೆ ಕಟ್ತೀವಿ. ಅದೇ ಶುಲ್ಕ ಅಣ್ಣ ಕೇಳಿದ್ರೆ, "ಬಂದು ನೋಡೋಕೂ ಕಾಸಾ?" ನಮ್ಮ ಮರ್ಯಾದೆ ಸ್ಕ್ರೀನಿಗೆ, ಮನುಷ್ಯನಿಗಲ್ಲ. ಆ್ಯಪ್‌ನಿಂದ ಕೆಲಸ ಸಿಗುತ್ತೆ, ನಿಜ. ಆದ್ರೆ ಅಲ್ಲಿ ಗಿರಾಕಿ ಆ್ಯಪ್‌ನವನು, ದರ ಇಡೋದೂ ಆ್ಯಪ್. ಹತ್ತು ವರ್ಷ ದುಡಿದ್ರೂ ಕೈಯಲ್ಲಿ ಉಳಿಯೋದು ರೇಟಿಂಗ್. ಅದನ್ನ ಮಗನಿಗೆ ಬಿಟ್ಟು ಹೋಗೋಕಾಗಲ್ಲ.

ಇನ್ನೊಂದು ನಾವೇ ಕಲಿಸಿದ ಆಟ. ಕೂಲಿ ಜಾಸ್ತಿ ಕೇಳಿದ್ರೆ ಕೊಡಲ್ಲ, ನಲ್ಲಿಯ ಬೆಲೆ ಜಾಸ್ತಿ ಅಂದ್ರೆ ಕೊಡ್ತೀವಿ. ಹಾಗಾಗಿ ಎಷ್ಟೋ ಜನ ತಮ್ಮ ಕೂಲಿಯನ್ನ ಹಾರ್ಡ್‌ವೇರ್ ಅಂಗಡಿಯ ಕಮಿಷನ್‌ನಲ್ಲಿ ಹುಡುಕ್ಕೋತಾರೆ. ರಿಪೇರಿ ಆಗೋ ಜಾಗದಲ್ಲಿ ಹೊಸ ನಲ್ಲಿ ಬರುತ್ತೆ. ಆಮೇಲೆ ಮೋಸ ಅಂತ ಕೂಗಾಡ್ತೀವಿ.

ಬಿಲ್ ವಿಷಯಕ್ಕೆ ಬರೋಣ. "ಬಿಲ್ ಬೇಡ, ಜಿಎಸ್‌ಟಿ ಸೇರಿಸಿಬಿಡ್ತೀಯ" ಅನ್ನೋರು ಇದನ್ನ ತಿಳ್ಕೊಳ್ಳಿ: ಕರ್ನಾಟಕದಲ್ಲಿ ಸೇವೆ ಕೊಡೋರ ವಾರ್ಷಿಕ ವಹಿವಾಟು 20 ಲಕ್ಷ ದಾಟದಿದ್ರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಾಗಿಲ್ಲ. ತೆರಿಗೆ ಸೇರಿಸದೇ ಬಿಲ್ ಕೊಡಬಹುದು. ನಮಗೆ ಅದು ಒಂದು ಚೀಟಿ. ಅವರಿಗೆ ನಾಳೆ ಸಾಲಕ್ಕೆ ಹೋದಾಗ ಬ್ಯಾಂಕಿನ ಮುಂದೆ ಇಡೋ ಲೆಕ್ಕ.

ಬಾಕಿ ಉಳಿಸೋದರಲ್ಲಿ ನಮ್ಮ ಅಪಾರ್ಟ್‌ಮೆಂಟ್ ಸಂಘಗಳು, ಇಂಟೀರಿಯರ್ ಗುತ್ತಿಗೆದಾರರು ನಿಸ್ಸೀಮರು. "ಮುಂದಿನ ತಿಂಗಳು ಬನ್ನಿ" ಅಂತ ಮೂರು ತಿಂಗಳು ಅಲೆದಾಡಿಸ್ತಾರೆ. ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ಉದ್ಯಮಕ್ಕೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆಯೇ ಹೇಳುತ್ತೆ. ಆ ನೋಂದಣಿಗೆ ಒಂದು ಪೈಸೆಯೂ ಖರ್ಚಿಲ್ಲ. ಆನ್‌ಲೈನ್ ಫಾರ್ಮ್ ತುಂಬೋದು ನಮಗೆ ಎಡಗೈ ಕೆಲಸ, ಒಂದರ್ಧ ಗಂಟೆ ಕೂತು ಮಾಡಿಕೊಡಬಹುದು. ಸ್ಟಾರ್ಟಪ್ ಬಗ್ಗೆ ಗಂಟೆಗಟ್ಟಲೆ ಮಾತಾಡೋ ನಮಗೆ ಮನೆ ಬಾಗಿಲಿಗೆ ಬಂದ ಸ್ಟಾರ್ಟಪ್ ಕಣ್ಣಿಗೆ ಬೀಳಲ್ಲ.

ನಾನು ದಾನ ಮಾಡಿ ಅಂತಿಲ್ಲ. ಕೆಲಸ ಕೆಟ್ಟದಾಗಿದ್ರೆ ಜಗಳ ಆಡಿ, ಮತ್ತೆ ಮಾಡಿಸಿ. ಶುರುವಿಗೆ ಮೊದಲೇ ಅಂದಾಜು ಬರೆದುಕೊಡಿ ಅನ್ನಿ, ಕೂಲಿ ಬೇರೆ, ಸಾಮಾನು ಬೇರೆ. ಒಪ್ಪಿದ ಮೇಲೆ ಪೂರ್ತಿ ಕೊಡಿ, ಅವತ್ತೇ ಕೊಡಿ. ಅಷ್ಟೇ.

ಮುಂದಿನ ಸಲ ಅಣ್ಣ ಬಂದಾಗ ಆ ಇನ್ನೂರು ಸೇರಿಸಿ ಕೊಟ್ಟೆ. "ಯಾಕೆ ಸಾರ್?" ಅಂದ್ರು. ಹಳೇ ಬಾಕಿ ಅಂದೆ. ಈಗ ಅವರ ಜೊತೆ ಒಬ್ಬ ಹುಡುಗ ಇದ್ದಾನೆ, ಗಾಡಿಯಲ್ಲಿ ಬಿಲ್ ಬುಕ್ ಇದೆ, ಬಂದು ನೋಡೋದಕ್ಕೆ ಇನ್ನೂರು ಅಂತ ಫೋನಲ್ಲೇ ಹೇಳಿಬಿಡ್ತಾರೆ. ಮೊನ್ನೆ ಪಕ್ಕದ ಮನೆಯವರು ನಂಬರ್ ಕೇಳ್ತಾ, "ಕಮ್ಮಿ ಮಾಡ್ಕೋತಾರಾ?" ಅಂದ್ರು.

"ಇಲ್ಲ. ಆದ್ರೆ ಹೇಳಿದ ಟೈಮಿಗೆ ಬರ್ತಾರೆ."