ಕೇಳುವವರೂ ಬಡಿಸುವವರೂ

ಕಳೆದ ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಅಡಿಕೆ ಧಾರಣೆಯನ್ನು ರೈತರ ಫೋನಿಗೆ ತಲುಪಿಸುವ ಕೆಲಸದಲ್ಲಿ ತೊಡಗಿರುವ ನನ್ನ ಸೋದರಳಿಯನೂ ಅವನ ಸ್ನೇಹಿತನೂ ಎ.ಪಿ.ಐ. ಹೇಗಿರಬೇಕೆಂದು ಜಗಳಕ್ಕೆ ನಿಂತಿದ್ದರು. ಓದುಗರಲ್ಲಿ ಕೆಲವರಿಗೆ ಈ ಹೆಸರು ಹೊಸದಿರಬಹುದು. ಒಂದು ಗಣಕಯಂತ್ರವು ಮತ್ತೊಂದನ್ನು ಏನು, ಹೇಗೆ ಕೇಳಬಹುದೆಂಬ ಒಪ್ಪಂದವೇ ಅದು.

ಸೋದರಳಿಯನದು ರೆಸ್ಟ್ ಪಕ್ಷ. ಈ ಪದ್ಧತಿಗೆ ಹೆಸರಿಟ್ಟವರು ರಾಯ್ ಫೀಲ್ಡಿಂಗ್, 2000ದ ತಮ್ಮ ಪಿ.ಎಚ್‌ಡಿ. ಪ್ರಬಂಧದಲ್ಲಿ. ಇಲ್ಲಿ ಪ್ರತಿಯೊಂದಕ್ಕೂ ತನ್ನದೇ ವಿಳಾಸ: ಧಾರಣೆಗೆ ಒಂದು, ಮಾರುಕಟ್ಟೆಗೆ ಒಂದು, ಮಳೆಗೆ ಒಂದು. ವಿಳಾಸ ಸ್ಥಿರವಾದ್ದರಿಂದ ನಡುದಾರಿಯ ಯಂತ್ರಗಳು ಉತ್ತರದ ಪ್ರತಿಯನ್ನಿಟ್ಟುಕೊಂಡು, ಮುಂದೆ ಕೇಳಿದವರಿಗೆ ತಾವೇ ಕೊಡಬಲ್ಲವು. ಮೂಲ ಸರ್ವರಿಗೆ ಆಯಾಸವಿಲ್ಲ. ಆದರೆ ಇದು ಪಂಕ್ತಿಯ ಊಟ. ಉಪ್ಪಿನಕಾಯಿ ಮಾತ್ರ ಬೇಕೆಂದವನಿಗೂ ಎಲೆಯ ತುಂಬ ಬಡಿಸುತ್ತಾರೆ. ಒಂದು ಪುಟ ತುಂಬಲು ಮೂರು ನಾಲ್ಕು ಸಲ ಅಲೆಯಬೇಕಾಗುವುದೂ ಉಂಟು. ಮಲೆನಾಡಿನ ಗುಡ್ಡದ ಮರೆಯಲ್ಲಿ ಸಿಗ್ನಲ್ ಹುಡುಕುತ್ತ ನಿಂತ ರೈತನಿಗೆ ಒಂದೊಂದು ಅಲೆದಾಟವೂ ಒಂದು ಯುಗ.

ಸ್ನೇಹಿತನದು ಗ್ರಾಫ್‌ಕ್ಯೂಎಲ್. ಫೇಸ್‌ಬುಕ್ ಸಂಸ್ಥೆಯು ತನ್ನ ಮೊಬೈಲ್ ಬಳಕೆಗಾಗಿ 2012ರಲ್ಲಿ ಇದನ್ನು ರೂಪಿಸಿ, 2015ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಬಾಗಿಲು ಒಂದೇ, ಕೇಳುವವನು ಬೇಕಾದ್ದನ್ನು ಪಟ್ಟಿ ಮಾಡಿ ಕೊಟ್ಟರೆ ಅಷ್ಟೇ, ಒಮ್ಮೆಗೇ, ಬರುತ್ತದೆ. ಎಷ್ಟು ಸೊಗಸು! ಆದರೆ ಆ ಸೊಗಸಿನ ಹೊರೆಯೆಲ್ಲ ಅಡುಗೆಯವನ ತಲೆಗೆ. ಪಟ್ಟಿಯೊಳಗೆ ಪಟ್ಟಿ ಹೆಣೆದು ಕೇಳಿದರೆ, ಒಂದೇ ಪ್ರಶ್ನೆಗಾಗಿ ಸರ್ವರು ನೂರಾರು ಸಲ ಉಗ್ರಾಣಕ್ಕೆ ಓಡಬೇಕಾದೀತು. ಮಿತಿ ಹಾಕದಿದ್ದರೆ ಅದನ್ನು ಮಲಗಿಸಲು ಕಿಡಿಗೇಡಿಯೊಬ್ಬನೇ ಸಾಕು. ಪ್ರಶ್ನೆಯು ಸಾಮಾನ್ಯವಾಗಿ ವಿಳಾಸದಲ್ಲಿರದೆ ಲಕೋಟೆಯೊಳಗೆ ಹೋಗುವುದರಿಂದ ನಡುದಾರಿಯ ಪ್ರತಿಗಳ ಅನುಕೂಲವೂ ಬಹುಮಟ್ಟಿಗೆ ತಪ್ಪುತ್ತದೆ. ಇನ್ನೊಂದು ವಿಚಿತ್ರ: ಕೆಲಸ ಕೆಟ್ಟಾಗಲೂ ಅನೇಕ ವೇಳೆ 200 ಎಂಬ ‘ಎಲ್ಲ ಸರಿ’ ಮುದ್ರೆಯೊಡನೆಯೇ ಉತ್ತರ ಬರುತ್ತದೆ, ದೋಷ ಒಳಗಡೆ ಅಡಗಿರುತ್ತದೆ. ಈ ನಗುಮುಖದ ಸುಳ್ಳು ನನಗಂತೂ ಹಿಡಿಸದು.

ಗಿಟ್‌ಹಬ್ 2016ರಲ್ಲಿ ಗ್ರಾಫ್‌ಕ್ಯೂಎಲ್ ತಂದಿತು, ಹಳೆಯ ರೆಸ್ಟನ್ನೂ ಉಳಿಸಿಕೊಂಡಿತು. ಅಂಥ ಸಂಸ್ಥೆಗಾದರೆ ಎರಡು ಅಡುಗೆಮನೆ ನಡೆಸುವ ಶಕ್ತಿಯುಂಟು. ಇವರು ಇಬ್ಬರೇ ಹುಡುಗರು.

“ದಿನದ ಧಾರಣೆ ಯಾರು ಕೇಳಿದರೂ ಒಂದೇ ತಾನೇ?” ಎಂದೆ.

“ಹೌದು ಮಾವ.”

“ಹಾಗಾದರೆ ಸಾವಿರ ಜನಕ್ಕೂ ಒಂದೇ ಪ್ರತಿ ಸಾಕಲ್ಲವೇ?”

ಸ್ನೇಹಿತ ಬಿಡಲಿಲ್ಲ. “ರೈತರ ಅಲೆದಾಟದ ಗತಿಯೇನು?”

“ಮೊದಲ ಪುಟಕ್ಕೆಂದೇ ಒಂದು ವಿಳಾಸ ಮಾಡೋಣ. ಧಾರಣೆಯೂ ಮಳೆಯೂ ಒಟ್ಟಿಗೆ ಬರಲಿ” ಎಂದ ಸೋದರಳಿಯ.

“ನಾಳೆ ಇನ್ನೊಂದು ಪುಟ ಬಂದರೆ ಇನ್ನೊಂದು ವಿಳಾಸವೋ?”

ಇದಕ್ಕೆ ಉತ್ತರ ಹೊಳೆಯುವಷ್ಟರಲ್ಲಿ ಒಳಗಿನಿಂದ ಕಾಫಿ ಬಂದಿತು.