ಬಾಕಿ ತೀರಿಸಿ, ಆಮೇಲೆ ಕೇಕ್ ಕತ್ತರಿಸಿ

ಮಾರ್ಚ್ ತಿಂಗಳ ಮೊದಲ ಶುಕ್ರವಾರ ನಿಮ್ಮ ಆಫೀಸಿನಲ್ಲೂ ಬಲೂನು ಕಟ್ಟಿರುತ್ತಾರೆ. ‘ನೀವಿಲ್ಲದೆ ನಾವಿಲ್ಲ’ ಅಂತ ಎಲ್ಲರಿಗೂ ಒಂದೇ ಮೇಲ್ ಬಂದಿರುತ್ತದೆ. ಅದರ ಹೆಸರು ಎಂಪ್ಲಾಯಿ ಅಪ್ರಿಸಿಯೇಷನ್ ಡೇ. 1995ರಲ್ಲಿ ಅಮೆರಿಕದಲ್ಲಿ ಇದನ್ನು ಶುರು ಮಾಡಿಸಿದವರು ಬಾಬ್ ನೆಲ್ಸನ್ ಎಂಬ ಮ್ಯಾನೇಜ್‌ಮೆಂಟ್ ಲೇಖಕರು. ನೌಕರರನ್ನು ಖುಷಿಪಡಿಸುವ ಸಾವಿರದೊಂದು ದಾರಿಗಳ ಬಗ್ಗೆ ಪುಸ್ತಕ ಬರೆದವರೂ ಅವರೇ. ಆ ಸಾವಿರದೊಂದರಲ್ಲಿ ನಮ್ಮ ಕಂಪನಿಗಳಿಗೆ ಸಿಕ್ಕಿದ್ದು ಒಂದೇ ದಾರಿ. ಕೇಕ್.

ಕೇಕಿನ ಮೇಲೆ ನನಗೆ ದ್ವೇಷವಿಲ್ಲ. ಕೊಟ್ಟರೆ ಎರಡು ಪೀಸು ತಿಂತೀನಿ. ನನ್ನ ತಕರಾರು ಇರುವುದು ಆ ಕೇಕಿನ ಹಿಂದಿರುವ ಲೆಕ್ಕದ ಮೇಲೆ. ‘ಮೆಚ್ಚುಗೆ ತೋರಿಸಿದರೆ ನೌಕರರು ಹೆಚ್ಚು ಕೆಲಸ ಮಾಡುತ್ತಾರೆ, ಬಿಟ್ಟು ಹೋಗೋದಿಲ್ಲ, ಆದ್ದರಿಂದ ಈವೆಂಟ್ ಮಾಡಿ’ ಎಂಬುದು ಆ ಲೆಕ್ಕ. ಅದರ ಮೊದಲ ಅರ್ಧ ನಿಜ. ‘ಆದ್ದರಿಂದ’ ಎಂಬ ಪದ ಬಂದ ಕಡೆಯೇ ಎಡವಟ್ಟು. ಭಾವನೆಯ ಮಾತು ಬೇಡ. ಲಾಭ ನಷ್ಟದ ಭಾಷೆಯಲ್ಲೇ ಮಾತಾಡೋಣ.

ಜರ್ಮನಿಯ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕಗಳ ವಿವರ ಕಂಪ್ಯೂಟರಿಗೆ ತುಂಬಲು ಕೆಲವು ವಿದ್ಯಾರ್ಥಿಗಳನ್ನು ಮೂರು ಗಂಟೆಯ ಕೆಲಸಕ್ಕೆ ಕರೆದರು. ಒಪ್ಪಿದ ಕೂಲಿಯ ಜೊತೆಗೆ ಕೆಲವರಿಗೆ 7 ಯೂರೋ ನಗದು ಹೆಚ್ಚಿಗೆ ಸಿಕ್ಕಿತು. ಇನ್ನು ಕೆಲವರಿಗೆ ಅಷ್ಟೇ ಬೆಲೆಯ ಒಂದು ಥರ್ಮಾಸ್ ಬಾಟಲಿ. ನಗದು ಪಡೆದವರ ಕೆಲಸದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಬಾಟಲಿ ಪಡೆದವರು ಸುಮಾರು ಶೇ 25ರಷ್ಟು ಹೆಚ್ಚು ಕೆಲಸ ಮಾಡಿದರು. 2012ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಎಚ್‌ಆರ್‌ನವರು ಓದಿದರೆ ಕುಣಿದಾಡುತ್ತಾರೆ. ನೋಡಿ, ಹೈಕ್ ಬೇಡ, ಬಾಟಲಿ ಸಾಕು!

ಸ್ವಲ್ಪ ತಡೀರಿ ಸ್ವಾಮಿ. ಇನ್ನೊಂದು ಗುಂಪಿಗೆ ದುಡ್ಡನ್ನೇ ಕೊಟ್ಟರು. ಆದರೆ ನೋಟನ್ನು ಅಂಗಿಯ ಆಕಾರಕ್ಕೆ ಮಡಚಿ, ಕಾಗದದ ಕುಸುರಿ ಕೆಲಸದ ಥರ ಮಾಡಿ ಕೊಟ್ಟರು. ಆಗ ಅದೇ ದುಡ್ಡೂ ಬಾಟಲಿಯಷ್ಟೇ ಕೆಲಸ ಮಾಡಿತು. ‘ನಿಮಗೆ ಯಾವುದು ಬೇಕು’ ಅಂತ ಕೇಳಿದಾಗ ಹೆಚ್ಚಿನವರು ಆರಿಸಿಕೊಂಡದ್ದು ನಗದನ್ನೇ. ಅಂದರೆ ಮ್ಯಾಜಿಕ್ ಬಾಟಲಿಯಲ್ಲಿರಲಿಲ್ಲ. ‘ನನಗೋಸ್ಕರ ಯಾರೋ ಕೂತು ಒಂದಿಷ್ಟು ಹೊತ್ತು ಖರ್ಚು ಮಾಡಿದ್ದಾರೆ’ ಅನ್ನೋ ತಿಳಿವಳಿಕೆಯಲ್ಲಿತ್ತು. ಇನ್ನೊಂದು ಮಾತು ಮರೀಬೇಡಿ. ಒಪ್ಪಿದ ಕೂಲಿ ಎಲ್ಲರಿಗೂ ಇತ್ತು. ಬಾಟಲಿ ಬಂದದ್ದು ಅದರ ಮೇಲೆ, ಅದರ ಬದಲಿಗೆ ಅಲ್ಲ.

ಆ್ಯಡಮ್ ಗ್ರಾಂಟ್ ಮತ್ತು ಫ್ರಾನ್ಸೆಸ್ಕಾ ಜಿನೊ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸರಳ. ವಿಶ್ವವಿದ್ಯಾಲಯಕ್ಕಾಗಿ ಫೋನಿನಲ್ಲಿ ದೇಣಿಗೆ ಕೇಳುವವರ ಬಳಿ ಮೇಲಧಿಕಾರಿಯೇ ಬಂದು, ನಿಮ್ಮ ದುಡಿಮೆಗೆ ಋಣಿ ಅಂತ ಹೇಳಿ ಹೋದರು. ಮುಂದಿನ ವಾರ ಆ ಗುಂಪು ಮಾಡಿದ ಕರೆಗಳು ಶೇ 50ಕ್ಕೂ ಹೆಚ್ಚಾದವು. ಕೇಕಿಲ್ಲ, ಡಿಜೆ ಇಲ್ಲ, ಟೀ ಶರ್ಟಿಲ್ಲ. ಖರ್ಚು ಒಂದು ಪೈಸೆಯೂ ಇಲ್ಲ. ಲಕ್ಷಗಟ್ಟಲೆ ಈವೆಂಟಿಗೆ ಸುರಿಯುವ ಮ್ಯಾನೇಜರುಗಳು ತಂಡದವರ ಮೇಜಿನ ತನಕ ನಡೆದು ಬರೋದಕ್ಕೆ ಯಾಕೆ ಹಿಂದೇಟು ಹಾಕುತ್ತಾರೆ? ಉತ್ತರ ಸುಲಭ. ಹಾಗೆ ಬಂದು ಹೇಳಬೇಕಾದರೆ ಆ ಮನುಷ್ಯ ಏನು ಕೆಲಸ ಮಾಡಿದ್ದಾನೆ ಅಂತ ಗೊತ್ತಿರಬೇಕು. ಕೇಕ್ ಕತ್ತರಿಸಲು ಅದು ಗೊತ್ತಿರಬೇಕಿಲ್ಲ.

ಇದನ್ನು ತಿಳಿಯಲು ಜರ್ಮನಿಗೆ ಹೋಗಬೇಕಾಗಿಯೂ ಇಲ್ಲ, ಗುಂಡ್ಲುಪೇಟೆ ಸಾಕು. ನಮ್ಮ ಕಡೆ ಮುಯ್ಯಾಳು ಅನ್ನುತ್ತಾರೆ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಈಗ ಕೂಲಿಯೇ ಜಾಸ್ತಿ, ನಿಜ. ಆದರೆ ಮುಯ್ಯಿಯ ಲೆಕ್ಕ ಹೋಗಿಲ್ಲ. ಚೆಂಡು ಹೂವು ಬಿಡಿಸುವ, ಸಣ್ಣ ಈರುಳ್ಳಿ ಕೀಳುವ ಕಾಲದಲ್ಲಿ ಆಳು ಸಿಗೋದೇ ಕಷ್ಟ. ಗೂಡ್ಸ್ ಆಟೋದಲ್ಲಿ ಬರುವ ಹೆಣ್ಣಾಳುಗಳ ಗುಂಪು ಯಾವ ಹೊಲಕ್ಕೆ ಇಳೀಬೇಕು ಅಂತ ತಾನೇ ತೀರ್ಮಾನಿಸುತ್ತದೆ. ಕೂಲಿ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಹಾಗಾದರೆ ಯಾವುದರ ಮೇಲೆ ತೀರ್ಮಾನ? ‘ಆ ಹೊಲುಕ್ಕ ನಾವು ಬರಲ್ಲ ಕನಪ್ಪಾ, ಹೊತ್ತಿಗ ಸರ್ಯಾಗಿ ದುಡ್ಡು ಕೊಡಲ್ಲ, ಒಸಿ ಟೀ ಕೇಳುದ್ರ ಮೊಕ ತಿರುಗುಸ್ತಾನ’ ಅನ್ನುವ ಮಾತನ್ನು ಕೇಳುತ್ತಲೇ ಬೆಳೆದವನು ನಾನು. ಗಮನಿಸಿ, ದುಡ್ಡು ಮೊದಲು, ಟೀ ಆಮೇಲೆ. ದುಡ್ಡನ್ನು ಸಂಜೆಯೇ ಎಣಿಸಿ ಕೊಟ್ಟು, ಹನ್ನೊಂದು ಗಂಟೆಗೆ ಟೀ ತಂದು, ‘ನಿಮ್ಮ ಮಗಳ ಜ್ವರ ಬಿಟ್ಟಿತಾ’ ಅಂತ ಕೇಳುವವನ ಹೊಲದಲ್ಲಿ ಹೂವು ಬಾಡುವ ಮೊದಲೇ ಕೊಯ್ಲು ಮುಗಿದಿರುತ್ತದೆ. ನಿಮ್ಮ ರಿಟೆನ್ಷನ್ ಪಾಲಿಸಿ ಇಷ್ಟೇ.

ಮುಯ್ಯಿ ಎಂಬ ಪದಕ್ಕೆ ಇನ್ನೊಂದು ಮುಖವೂ ಇದೆ. ಮದುವೆ ಮನೆಯಲ್ಲಿ ಮಾಡುವುದೂ ಮುಯ್ಯಿ, ಹಗೆ ತೀರಿಸಿಕೊಳ್ಳುವುದೂ ಮುಯ್ಯಿ. ಕೊಟ್ಟದ್ದು ವಾಪಸ್ ಬಂದೇ ಬರುತ್ತದೆ, ಒಳ್ಳೆಯದಾದರೂ ಕೆಟ್ಟದ್ದಾದರೂ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ಐಫೋನ್ ಜೋಡಿಸುತ್ತಿದ್ದ ಜಾಗದಲ್ಲಿ, ಗಾಜು ಪುಡಿಯಾದದ್ದು ನೆನಪಿದೆಯಾ? ಆ ದೊಂಬಿಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆಮೇಲೆ ಕಂಪನಿಯೇ ಒಪ್ಪಿಕೊಂಡದ್ದೇನು? ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಸಿಕ್ಕಿರಲಿಲ್ಲ ಅಂತ. ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿ ಪ್ರೊಬೇಷನ್ನಿನಲ್ಲಿಟ್ಟಿತು. ಬಾಕಿಯ ಬೆಲೆ ಎಷ್ಟು ಅಂತ ಎಕ್ಸೆಲ್ ಶೀಟಿನಲ್ಲಿ ಹುಡುಕುವವರು ಆ ಕಾಲಂ ಒಮ್ಮೆ ನೋಡಬೇಕು. ನಾವು ಐಟಿಯವರು ಗಾಜು ಒಡೆಯುವುದಿಲ್ಲ, ನೋಟಿಸ್ ಪೀರಿಯಡ್ ಹಾಕುತ್ತೇವೆ. ಇಲ್ಲಾ ಸೀಟಿನಲ್ಲೇ ಕೂತು ಮನಸ್ಸಿನೊಳಗೆ ರಾಜೀನಾಮೆ ಕೊಡುತ್ತೇವೆ. ಅದೂ ಮುಯ್ಯಿಯೇ.

ಬಾಕಿ ಉಳಿಸಿಕೊಂಡು ಚಪ್ಪಾಳೆ ತಟ್ಟಿದರೆ ಏನಾಗುತ್ತದೆ ಅಂತ ಇಡೀ ದೇಶವೇ ಒಂದು ಪ್ರಯೋಗ ಮಾಡಿತು. 2020ರ ಮಾರ್ಚ್ 22ರ ಸಂಜೆ 5 ಗಂಟೆಗೆ ನಾವೆಲ್ಲ ಬಾಲ್ಕನಿಗೆ ಬಂದು ತಟ್ಟೆ ಬಡಿದೆವು. ರಾಜ್ಯದ ಉಳಿದ ಜಿಲ್ಲೆಗಳಲ್ಲಿ ಸೋಂಕು ಹರಡಿದ ಮೇಲೂ ನಮ್ಮ ಚಾಮರಾಜನಗರ ಜೂನ್ ತನಕ ಹಸಿರು ವಲಯದಲ್ಲೇ ಇತ್ತು. ಬೆಂಗಳೂರಿನಿಂದ, ಕೇರಳದಿಂದ, ತಮಿಳುನಾಡಿನಿಂದ ಊರಿಗೆ ಮರಳಿದವರ ಮನೆ ಬಾಗಿಲಿಗೆ ಹೋಗಿ ಪಟ್ಟಿ ಬರೆದವರಲ್ಲಿ ಆಶಾ ಕಾರ್ಯಕರ್ತೆಯರೇ ಮುಂದಿದ್ದರು. ಚಪ್ಪಾಳೆಯ ಸದ್ದು ಅಡಗಿ ನಾಲ್ಕು ತಿಂಗಳಾಗಿರಲಿಲ್ಲ, ಜುಲೈಯಲ್ಲಿ ಅದೇ ಆಶಾಗಳು ತಿಂಗಳಿಗೆ 12,000 ರೂಪಾಯಿ ಕೊಡಿ ಅಂತ ಕೆಲಸ ನಿಲ್ಲಿಸಿ ಕೂತರು. 2025ರ ಜನವರಿಯಲ್ಲಿ ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತರು. ಆಗ 10,000ದ ಭರವಸೆ ಸಿಕ್ಕಿತು. ಆ ಹೆಣ್ಣುಮಕ್ಕಳಿಗೆ ಹೂವು ಹಾಕಿದವರು ಕೆಟ್ಟವರಲ್ಲ. ಆದರೆ ಹೂವು ಹಾಕಿದ ಕೈ ‘ನಮ್ಮ ಪಾಲು ಮುಗೀತು’ ಅಂತ ಜೇಬಿಗೆ ಹೋಯಿತಲ್ಲ, ತಪ್ಪಿರುವುದು ಅಲ್ಲಿ. ಮೆಚ್ಚುಗೆಯ ಸಮಾರಂಭದ ದೊಡ್ಡ ಅಪಾಯವೇ ಇದು. ಮಾಡಿದವರಿಗೆ ಸಾಲ ತೀರಿಸಿದ ನೆಮ್ಮದಿ ಕೊಡುತ್ತದೆ, ಸಾಲ ಮಾತ್ರ ಹಾಗೇ ಇರುತ್ತದೆ.

‘ಹಿಂದೆ ಹಳ್ಳಿಗಳಲ್ಲಿ ಎಷ್ಟು ಚೆನ್ನಾಗಿತ್ತು’ ಅಂತ ನಾನು ಹೇಳುತ್ತೇನೆ ಅಂದುಕೊಂಡರೆ, ಇಲ್ಲ. ಸುಗ್ಗಿಯಲ್ಲಿ ರಾಶಿ ಪೂಜೆ ಮುಗಿದ ಮೇಲೆ ಕಣದಲ್ಲೇ ಕಮ್ಮಾರ, ಬಡಗಿ, ಅಗಸರಿಗೆಲ್ಲ ಆಯ ಅಳೆದು ಕೊಡುತ್ತಿದ್ದರು. ವರ್ಷವಿಡೀ ದುಡಿದವರಿಗೆ ರಾಶಿಯಲ್ಲೇ ಪಾಲು. ಕೇಳೋಕೆ ಚೆಂದ. ಆದರೆ ಯಾರು ಕಣದೊಳಗೆ ನಿಲ್ಲಬೇಕು, ಯಾರು ಅಂಚಿನಲ್ಲಿ ನಿಂತು ಸೆರಗೊಡ್ಡಬೇಕು ಅಂತ ಜಾತಿ ತೀರ್ಮಾನಿಸುತ್ತಿತ್ತು. ಗೌಡರ ಕೈ ಧಾರಾಳವಾದರೆ ಹೆಚ್ಚು, ಇಲ್ಲದಿದ್ದರೆ ಕೊಟ್ಟಷ್ಟು. ಕೇಳುವ ಹಕ್ಕಿಲ್ಲದವನಿಗೆ ಕೊಟ್ಟ ಮೆಚ್ಚುಗೆಗೆ ಭಿಕ್ಷೆ ಅಂತ ಹೆಸರು.

ಭಿಕ್ಷೆಯನ್ನು ಹಕ್ಕು ಮಾಡಿಕೊಂಡ ಕಥೆಯೂ ನಮ್ಮ ದೇಶದಲ್ಲೇ ಇದೆ. ಮೊದಲ ಮಹಾಯುದ್ಧದ ಲಾಭದ ಕಾಲದಲ್ಲಿ, 1917ರಲ್ಲಿ, ಮುಂಬಯಿ ಮತ್ತು ಅಹಮದಾಬಾದಿನ ಬಟ್ಟೆ ಗಿರಣಿ ಮಾಲೀಕರು ಕಾರ್ಮಿಕರಿಗೆ ಯುದ್ಧದ ಬೋನಸ್ ಕೊಟ್ಟರು. ಆಗ ಅದು ಮಾಲೀಕರ ಕೃಪೆ. ಮುಂಬಯಿಯಲ್ಲಿ ಅದನ್ನು ನಿಲ್ಲಿಸಿದಾಗ 1924ರಲ್ಲಿ ದೊಡ್ಡ ಮುಷ್ಕರವಾಯಿತು. ಹೀಗೇ ಜಗ್ಗಾಡಿ ಜಗ್ಗಾಡಿ 1965ರಲ್ಲಿ ಬೋನಸ್ ಕಾಯ್ದೆಯೇ ಬಂತು. ಇವತ್ತು ಕಾನೂನಿನ ವ್ಯಾಪ್ತಿಗೆ ಬರುವ ಕಾರ್ಮಿಕನಿಗೆ ಕನಿಷ್ಠ ಶೇ 8.33 ಕೊಡಲೇಬೇಕು. ಸಾಹೇಬರ ಮೂಡಿನ ಮೇಲೆ ನಿಂತಿದ್ದದ್ದು ಕಾಗದದ ಮೇಲೆ ಬಂದಾಗಲೇ ಕೊಟ್ಟವನಿಗೂ ಪಡೆದವನಿಗೂ ಮರ್ಯಾದೆ.

ಈಗ ಟೀಮ್ ಔಟಿಂಗಿನ ವಿಷಯಕ್ಕೆ ಬರೋಣ. ‘ನಿಮ್ಮ ಶ್ರಮಕ್ಕೆ ನಮ್ಮ ಕೃತಜ್ಞತೆ’ ಅಂತ ಬಸ್ಸು ತುಂಬಿಸಿ ಬಂಡೀಪುರದ ಕಡೆಯ ರೆಸಾರ್ಟಿಗೆ ಕರೆದುಕೊಂಡು ಹೋಗುತ್ತಾರೆ. ಹೋಗೋದು ಶನಿವಾರ, ಭಾನುವಾರ. ಅಂದರೆ ಕಂಪನಿ ಕೊಡುವ ಉಡುಗೊರೆಗೆ ನನ್ನದೇ ರಜೆ. ಗುಂಡ್ಲುಪೇಟೆ ದಾಟಿದ ಮೇಲೆ ಚೆಂಡು ಹೂವಿನ ಹೊಲದಲ್ಲಿ ಇಳಿದು ಸೆಲ್ಫಿ, ಸಂಜೆ ಕ್ಯಾಂಪ್‌ಫೈರ್, ನಡುವೆ ಒಬ್ಬ ಲ್ಯಾಪ್‌ಟಾಪ್ ತೆಗೆದು ಮೂಲೆಯಲ್ಲಿ ಪ್ರೊಡಕ್ಷನ್ ಇಶ್ಯೂ ನೋಡುತ್ತಿರುತ್ತಾನೆ. ಬಂಡೀಪುರದೊಳಗೆ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ವಾಹನ ಸಂಚಾರಕ್ಕೆ ನಿಷೇಧವಿದೆ. ಆಂಬುಲೆನ್ಸು, ಕೆಲವೇ ಬಸ್ಸು ಬಿಟ್ಟರೆ ಮಿಕ್ಕವರು ಗೇಟಿನ ಹೊರಗೆ. ಆನೆ, ಚಿರತೆಗೂ ರಾತ್ರಿ ಪಾಳಿಯಿಂದ ಬಿಡುವು ಬೇಕು ಅಂತ ಸರ್ಕಾರಕ್ಕೆ ಅರ್ಥವಾಗಿದೆ. ನಮ್ಮ ಕ್ಲೈಂಟ್ ಕಾಲ್‌ಗೆ ಮಾತ್ರ ಗೇಟಿಲ್ಲ.

ಆ ಬಸ್ಸಿನ ಡ್ರೈವರ್ ಎಲ್ಲಿ ಊಟ ಮಾಡಿದ, ಎಲ್ಲಿ ಮಲಗಿದ? ಆಫೀಸಿನಲ್ಲಿ ಬಲೂನು ಕಟ್ಟಿದ, ಕೇಕಿನ ಕ್ರೀಮು ಮೆತ್ತಿದ ಕಾರ್ಪೆಟ್ ಒರೆಸಿದ ಹೌಸ್‌ಕೀಪಿಂಗ್ ಅಕ್ಕನ ಹೆಸರು ನಿಮಗೆ ಗೊತ್ತಾ? ‘ಅವರು ವೆಂಡರ್ ಕಡೆಯವರು’ ಅನ್ನುತ್ತೀರಿ. ಅಂದರೆ ಕಣದ ಅಂಚು ಇನ್ನೂ ಅಲ್ಲೇ ಇದೆ, ಹೆಸರು ಮಾತ್ರ ಬದಲಾಗಿದೆ. ಚಾಮರಾಜನಗರದ ಒಂದು ಗ್ಯಾರೇಜಿಗೆ ಆಯುಧಪೂಜೆಯ ದಿನ ಹೋಗಿ ನೋಡಿ. ಸ್ಪ್ಯಾನರಿಗೂ ಕುಂಕುಮ, ಕುಂಬಳಕಾಯಿ ಒಡೆದ ಮೇಲೆ ಕಡ್ಲೆಪುರಿ ಪೊಟ್ಟಣ ಮೆಕ್ಯಾನಿಕ್ಕಿಗೂ ಸಿಗುತ್ತದೆ, ಗ್ರೀಸ್ ಒರೆಸುವ ಹುಡುಗನಿಗೂ ಸಿಗುತ್ತದೆ. ಮಾಲೀಕ ಒಳ್ಳೆಯವನಾದರೆ ಅದರ ಜೊತೆ ಬೋನಸ್ ಕವರು, ಮಾರನೇ ದಿನ ರಜೆ. ಅಲ್ಲಿ ಯಾರೂ ಭಾಷಣ ಮಾಡುವುದಿಲ್ಲ.

ಈ ಅಂಕಣ ಓದುವವರಲ್ಲಿ ಕೆಲವರು ಈಗಾಗಲೇ ಟೀಮ್ ಲೀಡ್, ಇನ್ನು ಕೆಲವರು ನಾಳೆ ಮ್ಯಾನೇಜರ್ ಆಗುವವರು. ಬಜೆಟ್ ನಿಮ್ಮ ಕೈಗೆ ಬರುತ್ತದೆ. ಈವೆಂಟಿಗೆ ಸಹಿ ಹಾಕುವ ಮುನ್ನ ಮೂರೇ ಪ್ರಶ್ನೆ ಕೇಳಿಕೊಳ್ಳಿ. ಒಂದು, ಕೊಡಬೇಕಾದ್ದೆಲ್ಲ ಕೊಟ್ಟಾಗಿದೆಯಾ? ಓವರ್‌ಟೈಮು, ಬಾಕಿ ಕಾಂಪ್ ಆಫ್, ಮುಂದೂಡಿದ ಪ್ರಮೋಷನ್ನು, ಎಲ್ಲ. ಎರಡು, ಇದು ಕಂಪನಿಯ ಹೊತ್ತಿನಲ್ಲಿ ನಡೆಯುತ್ತದಾ, ನೌಕರನ ಹೊತ್ತಿನಲ್ಲಾ? ಮೂರು, ಅಲ್ಲಿ ಕೂತ ಪ್ರತಿಯೊಬ್ಬರ ಬಗ್ಗೆ, ಹೌಸ್‌ಕೀಪಿಂಗ್ ಅಕ್ಕನೂ ಸೇರಿ, ಹೆಸರು ಹಿಡಿದು ‘ಈ ವರ್ಷ ನೀವು ಇಂಥ ಕೆಲಸ ಮಾಡಿದಿರಿ, ಅದರಿಂದ ಇಂಥದ್ದು ಉಳೀತು’ ಅಂತ ಒಂದು ವಾಕ್ಯ ಹೇಳಬಲ್ಲಿರಾ?

ಮೂರಕ್ಕೂ ಹೌದು ಅಂದರೆ ಧಾರಾಳವಾಗಿ ಹಬ್ಬ ಮಾಡಿ, ನಾನೂ ಬರ್ತೀನಿ. ಮೂರನೆಯದಕ್ಕೆ ಮಾತ್ರ ಹೌದು ಅಂದರೆ ಈವೆಂಟೇ ಬೇಡ, ಆ ವಾಕ್ಯ ಹೇಳಿ ಹೋಗಿ, ಆ ಬಜೆಟ್ಟಿನಲ್ಲಿ ಬಾಕಿ ತೀರಿಸಿ. ಮೂರಕ್ಕೂ ಇಲ್ಲ ಅನ್ನುವುದಾದರೆ, ಬೇಕರಿಯವನಿಗೆ ಫೋನ್ ಮಾಡುವ ಮೊದಲು ಪೇರೋಲ್‌ನವರಿಗೆ ಒಂದು ಫೋನ್ ಮಾಡಿ.